ಕಮಲನಗರದ ಮಕ್ಕಳೂ ಕಲಾಸಂಗ್ರಹಾಲಯದ ದರ್ಶನವೂ

ಚಳಿಗಾಲವು ಕಾಲಿಡುತ್ತಲೇ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಪ್ರವಾಸದ ಮಾತು ಏಳುವದು ವಾಡಿಕೆಯಾಗಿದೆ. ಬಸ್ಸನ್ನು ಗೊತ್ತುಮಾಡುವವರು, ವಂತಿಗೆಯನ್ನು ಕೂಡಿಸುವವರು, ಪಾಲಕರ ಒಪ್ಪಿಗೆಪತ್ರಕ್ಕಾಗಿ ಓಡಾಡುವವರು ಎಲ್ಲರೂ ಒಮ್ಮೆಲೇ ಚುರುಕಾಗುವರು. ಎಲ್ಲಿಗೆ ಹೋಗಬೇಕೆಂಬ ವಿಷಯದಲ್ಲಿ ಮಾತ್ರ ಹೆಚ್ಚಿನ ಚರ್ಚೆ ನಡೆಯುವಂತೆ ಕಾಣುವದಿಲ್ಲ. ಹಿಂದಿನ ವರ್ಷ ಹೋದಲ್ಲಿಗೆ, ಇಲ್ಲವೆ ನೆರೆಯ ಶಾಲೆಯವರು ಹೋದಲ್ಲಿಗೆ ಹೋಗುವದೆಂದು ನಿಶ್ಚಯವಾಗಿಬಿಡುವದು. ಔರಾದದಿಂದ ಬೇರ್ಪಟ್ಟು 2018ರಲ್ಲಿ ತಾಲೂಕಾದ ಕಮಲನಗರದಂತಹ ಗಡಿಪ್ರದೇಶದ ಮಕ್ಕಳನ್ನು ಕಲಾಸಂಗ್ರಹಾಲಯಕ್ಕೆ ಕರೆದೊಯ್ಯುವ ವಿಚಾರವನ್ನು ನಾವು ಇಂದು ಎತ್ತಿಕೊಂಡಿರುವೆವು. ಇದೇನು ಮಹಾ ವಿಷಯವೆಂದು ನಗುವ ವಾಚಕರೂ ಇರಬಹುದು. ಆದರೆ ಎಂಟು-ಒಂಬತ್ತು ವರ್ಷದ ಕಣ್ಣು ಮನಸ್ಸಿಟ್ಟು ನೋಡಿದ್ದು ಮುಪ್ಪಿನವರೆಗೂ ನಿಲ್ಲುವದುಂಟು. ಆ ವಯಸ್ಸಿನಲ್ಲಿ ಒಮ್ಮೆ ಬೇಸತ್ತ ಕಣ್ಣು ಮತ್ತೆಂದೂ ಅತ್ತ ತಿರುಗದೆ ಹೋಗುವದೂ ಉಂಟು.

ದೂರದ ಊರುಗಳನ್ನೇ ಮೊದಲು ನೋಡುವಾ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯು 1915ರಲ್ಲಿ ತೆರೆಯಿತು. ಅಲ್ಲಿ ಹಲ್ದನಕರರು ಬರೆದ, ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವು ಹೆಸರಾದದ್ದು. ಕತ್ತಲೆಯಲ್ಲಿ ನೋಡಿದರೆ ಆ ಬೆಳಕು ಬಣ್ಣದ್ದಲ್ಲ, ದೀಪದ್ದೇ ಎಂಬ ಭ್ರಾಂತಿಯಾಗುವದು. ಆದರೆ ಕಮಲನಗರಕ್ಕೂ ಮೈಸೂರಿಗೂ ಎಂಟುನೂರು ಕಿಲೋಮೀಟರಿಗೂ ಮಿಕ್ಕಿದ ಅಂತರವಿದೆ. ಬಸ್ಸಿನಲ್ಲಿ ರಾತ್ರಿಯನ್ನು ಕಳೆದು, ಬೆಳಗಿನಿಂದ ಮೂರು ಸ್ಥಳಗಳನ್ನು ಓಡಿ ಮುಗಿಸಿ ಬಂದ ಮಗು ಆ ದೀಪದೆದುರು ಅರೆ ನಿಮಿಷ ನಿಲ್ಲುವಷ್ಟರಲ್ಲಿ ಹಿಂದಿನ ಸಾಲು ಅದನ್ನು ಮುಂದಕ್ಕೆ ನೂಕಿರುವದು.

ಹೈದರಾಬಾದು ಹತ್ತಿರದ್ದು. ಮೂರನೆಯ ಸಾಲಾರ ಜಂಗರಾದ ಮೀರ ಯೂಸುಫ ಅಲಿ ಖಾನರು (1889–1949) ಜೀವಮಾನವಿಡೀ ಕೂಡಿಟ್ಟ ವಸ್ತುಗಳ ಸಂಗ್ರಹಾಲಯವು 1951ರ ದಶಂಬರ 16ರಂದು ಪಂಡಿತ ನೆಹರೂ ಅವರ ಹಸ್ತದಿಂದ ತೆರೆಯಲ್ಪಟ್ಟಿತು. ಇಟಲಿಯ ಬೆನ್ಜೋನಿಯು 1876ರಲ್ಲಿ ಅಮೃತಶಿಲೆಯಲ್ಲಿ ಕಡೆದ ಮುಸುಕಿನ ರೆಬೆಕ್ಕಾ ಅಲ್ಲಿರುವಳು. ಕಲ್ಲಿನ ಮುಸುಕಿನೊಳಗಿಂದ ಕಲ್ಲಿನ ಮುಖವು ಕಾಣುವ ಆ ಸೋಜಿಗವನ್ನು ಮಕ್ಕಳು ತಕ್ಕ ಮಟ್ಟಿಗೆ ನೋಡುವರು. ಆದರೆ ಅವರ ನಿಜವಾದ ಗುಂಪು ಕೂಡುವದು ದೊಡ್ಡ ಗಡಿಯಾರದ ಮುಂದೆ. ತಾಸಾಗುವ ಹೊತ್ತಿಗೆ ಗಡ್ಡದ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುವದು; ಅದಕ್ಕಾಗಿ ದೊಡ್ಡವರೂ ನೆಲದ ಮೇಲೆ ಕುಳಿತು ಕಾಯುವರು. ನಾವು ಇದನ್ನು ಹಳಿಯುವದಿಲ್ಲ, ಗೊಂಬೆ ಎಂದರೆ ಮಕ್ಕಳಿಗೆ ಪ್ರೀತಿ. ನಮ್ಮ ಮನಸ್ಸಿಗೆ ಹತ್ತಿದ ಮಾತು ಬೇರೆ. ಅದೇ ಸಂಗ್ರಹಾಲಯದಲ್ಲಿ ಬಿದರಿಯ ವಸ್ತುಗಳೂ ಇರುವವು. ಹುಕ್ಕಾದ ಬುರುಡೆ, ಹೂಜಿ, ತಾಂಬೂಲದ ಪೆಟ್ಟಿಗೆ ಮೊದಲಾದವು. ಬೀದರ ಜಿಲ್ಲೆಯ ಮಗು ರಾಜ್ಯದ ಗಡಿಯನ್ನು ದಾಟಿ ಹೋಗಿ, ಗಾಜಿನಾಚೆಗಿಟ್ಟ ಆ ಕಪ್ಪು ಹೂಜಿಯ ಎದುರಿನಿಂದ ಹಾದು, ಅದು ತನ್ನ ಜಿಲ್ಲೆಯ ಓಣಿಯಲ್ಲಿ ಇಂದಿಗೂ ಬಡಿದು ಮಾಡುವ ವಸ್ತುವೆಂಬದನ್ನು ತಿಳಿಯದೆ ಮರಳಿ ಬರುವದು!

ಇನ್ನೊಂದು ಮಾತಿದೆ, ಅದನ್ನು ಆಡುವದು ಹಿತವಲ್ಲವಾದರೂ ಆಡಲೇಬೇಕು. ದೂರದ ಪ್ರವಾಸಕ್ಕೆ ತರಗತಿಯ ಎಲ್ಲ ಮಕ್ಕಳೂ ಹೋಗುವದಿಲ್ಲ. ವಂತಿಗೆಯ ಮೊತ್ತವು ನೌಕರನ ಮನೆಗೆ ಹಗುರಾಗಿ ಕಂಡರೂ ಕೂಲಿಯವನ ಮನೆಗೆ ಅದು ಹಲವು ದಿನಗಳ ದುಡಿಮೆ. ಈ ಭಾಗದ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ಎಷ್ಟೋ ಕುಟುಂಬಗಳು ಹೊಟ್ಟೆಪಾಡಿಗಾಗಿ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುವವೆಂಬದು ಅಧಿಕಾರಿಗಳಿಗೆ ತಿಳಿಯದ ಸಂಗತಿಯಲ್ಲ. ಅಜ್ಜಿಯ ಬಳಿಯಲ್ಲಿ ಉಳಿದ ಹುಡುಗನು ಹಣ ಕೇಳಲು ಯಾರ ಬಳಿಗೆ ಹೋಗಬೇಕು? ಬಸ್ಸು ಹೊರಟ ದಿನ ಅವನು ಬೇರೊಂದು ತರಗತಿಯ ಮೂಲೆಯಲ್ಲಿ ಕುಳಿತುಕೊಳ್ಳುವನು. ಮುಂದೆ ಪರೀಕ್ಷೆಯಲ್ಲಿ ‘ನಾನು ಕೈಕೊಂಡ ಪ್ರವಾಸ’ ಎಂಬ ಪ್ರಬಂಧವನ್ನು ಎಲ್ಲರಂತೆ ಅವನೂ ಬರೆಯಬೇಕು! ಕಾಣದ ಊರನ್ನು ಕಂಡೆನೆಂದು ಬರೆಯಲು ಮಗುವಿಗೆ ಕಲಿಸುವ ಈ ಪದ್ಧತಿಗೆ ಏನೆಂದು ಹೆಸರಿಡಬೇಕೋ ನಾವು ಅರಿಯೆವು.

ಇಷ್ಟೆಲ್ಲ ಕಷ್ಟವೇಕೆ? ಕಮಲನಗರವು ವಿಕಾರಾಬಾದ–ಪರಳಿ ಮಾರ್ಗದ ಮೇಲಿನ ರೇಲ್ವೆ ನಿಲ್ದಾಣ. ಭಾಲ್ಕಿಯನ್ನು ದಾಟಿದರೆ ಬೀದರ. ಬೆಳಿಗ್ಗೆ ಹೊರಟು, ಕಟ್ಟಿಕೊಂಡ ರೊಟ್ಟಿಯ ಬುತ್ತಿಯನ್ನು ಕೋಟೆಯ ಮರದ ನೆರಳಿನಲ್ಲಿ ಉಂಡು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳಬಹುದಾದ ದಾರಿ. ಕೋಟೆಯೊಳಗಿನ ಹಳೆಯ ಹಮಾಮಖಾನೆಯಲ್ಲಿ ಭಾರತ ಸರಕಾರದ ಪುರಾತತ್ತ್ವ ಖಾತೆಯ ಸಂಗ್ರಹಾಲಯವಿದೆ. ಸುತ್ತಲಿನ ಪ್ರದೇಶದಲ್ಲಿ ದೊರೆತ ಕಲ್ಲಿನ ಮೂರ್ತಿಗಳನ್ನೂ ಹಳೆಯ ಆಯುಧಗಳನ್ನೂ ಅಲ್ಲಿ ಇಟ್ಟಿರುವರು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಈ ಖಾತೆಯ ಸ್ಮಾರಕಗಳಲ್ಲಿಯೂ ಸಂಗ್ರಹಾಲಯಗಳಲ್ಲಿಯೂ ಪ್ರವೇಶಕ್ಕೆ ಶುಲ್ಕವಿಲ್ಲ. ಪಟ್ಟಣದ ದೊಡ್ಡ ಕಲಾಸಂಗ್ರಹಾಲಯಗಳಂತೆ ಅದು ವಿಶಾಲವಾದದ್ದಲ್ಲವೆಂಬದು ನಿಜ. ಆದರೆ ಅದರ ಬಾಗಿಲಿನಿಂದ ಹೊರಬಿದ್ದರೆ ಅಲ್ಲಿಯೇ ಸೋಲಾ ಖಂಬ ಮಸೀದಿ, ಮುಂದೆ ರಂಗೀನ ಮಹಲು, ಕೋಟೆಯ ಹೊರಗೆ ಊರಿನಲ್ಲಿ ಮಹಮೂದ ಗಾವಾನನ ಮದರಸಾ, ಓಣಿಯಲ್ಲಿ ಬಿದರಿಯ ಕಾರ್ಯಾಗಾರಗಳು. ಇಡೀ ಊರನ್ನೇ ಕಲಾಸಂಗ್ರಹಾಲಯವೆಂದರೆ ಅತಿಶಯೋಕ್ತಿಯಾಗದು. ಹೈದರಾಬಾದ ಸಂಸ್ಥಾನದ ಪುರಾತತ್ತ್ವ ಖಾತೆಯ ಮುಖ್ಯಸ್ಥರಾಗಿದ್ದ ಗುಲಾಮ ಯಾಜದಾನಿಯವರು ಈ ಒಂದು ಊರಿನ ಕಟ್ಟಡಗಳ ಮೇಲೆ 1947ರಲ್ಲಿ ದೊಡ್ಡದೊಂದು ಗ್ರಂಥವನ್ನೇ ಹೊರತಂದರು.

ಹತ್ತಿರದ ಸ್ಥಳಕ್ಕೆ ಹೋದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗುವದೆಂದು ಭಾವಿಸಲಾಗದು. ಕೋಟೆಯಲ್ಲಿ ಶಾಲೆಯ ಮಕ್ಕಳ ಸಾಲುಗಳನ್ನು ನಾವು ಹಲವು ಸಲ ನೋಡಿರುವೆವು. ಸಾಲಿನ ಮುಂದೊಬ್ಬ ಗುರುಗಳು, ಹಿಂದೊಬ್ಬರು, ಕೊರಳಲ್ಲಿ ಸೀಟಿ. ಒಳಗೆ ಹೋಗುವಾಗ ಮಕ್ಕಳಿಗೆ ಆಗುವ ಆಜ್ಞೆಗಳು ಮೂರೇ: ಮುಟ್ಟಬೇಡಿರಿ, ಮಾತಾಡಬೇಡಿರಿ, ಮುಂದೆ ನಡೆಯಿರಿ. ಮೊದಲನೆಯದು ಸರಿಯಾದದ್ದು, ಎರಡನೆಯದು ಅರ್ಧ ಸರಿ. ಮೂರನೆಯದು ಮಾತ್ರ ಬಂದ ಕೆಲಸವನ್ನೇ ಕೆಡಿಸುವಂಥದು. ಹತ್ತು ನಿಮಿಷದಲ್ಲಿ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬಿದ್ದು, ಮೆಟ್ಟಿಲಿನ ಮೇಲೆ ಎಲ್ಲರನ್ನೂ ನಿಲ್ಲಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು ಮೇಲಿನವರಿಗೆ ಕಳುಹಿಸಿದಲ್ಲಿಗೆ ದರ್ಶನವು ಸಂಪೂರ್ಣವಾಗುವದು. ಗುರುಗಳನ್ನು ದೂರಲು ನಮಗೆ ಮನಸ್ಸಿಲ್ಲ. ಐವತ್ತು ಮಕ್ಕಳಲ್ಲಿ ಒಂದು ತಪ್ಪಿಸಿಕೊಂಡರೆ ಜವಾಬು ಕೊಡಬೇಕಾದವರು ಅವರು. ಶಿಲ್ಪದ ವಿಷಯವಾಗಿ ಅವರಿಗೆ ಯಾರೂ ಏನನ್ನೂ ಹೇಳಿಕೊಟ್ಟದ್ದಿಲ್ಲ.

ಒಮ್ಮೆ ರಂಗೀನ ಮಹಲಿನಲ್ಲಿ, ಅಂತಹ ಸಾಲೊಂದರ ನಡುವಿನಿಂದ ಒಬ್ಬ ಹುಡುಗಿಯು ಗೋಡೆಯ ಬಳಿಯಲ್ಲಿ ನಿಂತುಬಿಟ್ಟು, “ಸರ್, ಇದು ಕಲ್ಲಾಗ ಹ್ಯಾಂಗ ಕೂತದರಿ?” ಎಂದು ಕೇಳಿದ್ದು ನಮ್ಮ ಕಿವಿಗೆ ಬಿತ್ತು. ಗುರುಗಳು, “ಅದು ಹಿಂದಿನವರ ಕಲೆ, ನಡಿ ನಡಿ,” ಎಂದರು. ಇಡೀ ದಿನದಲ್ಲಿ ಕೇಳಿದ ಒಂದೇ ನಿಜವಾದ ಪ್ರಶ್ನೆಯು ಅಲ್ಲಿಗೆ ಮುಗಿಯಿತು.

ಆ ಪ್ರಶ್ನೆಗೆ ಉತ್ತರವು ಕಠಿನವಲ್ಲ. ರಂಗೀನ ಮಹಲಿಗೆ ಇಂದಿನ ರೂಪವನ್ನು ಕೊಟ್ಟವನು 1542ರಿಂದ 1580ರವರೆಗೆ ಆಳಿದ ಅಲಿ ಬರೀದಶಾಹನು. ಅಲ್ಲಿಯ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪಿನ ಬಳ್ಳಿಗಳೂ ಪಾರಸಿಯ ಪದ್ಯಗಳೂ ಹೊಳೆಯುವವು. ಕಲ್ಲಿನಲ್ಲಿ ಬೇಕಾದ ಆಕಾರದ ತಗ್ಗನ್ನು ಕೊರೆಯುವದು. ಚಿಪ್ಪನ್ನು ಅದೇ ಆಕಾರಕ್ಕೆ ಕತ್ತರಿಸುವದು. ತಗ್ಗಿನಲ್ಲಿ ಅದನ್ನು ಕೂಡಿಸಿ ಮಟ್ಟಮಾಡುವದು. ಕೆಲಸವಿರುವದು ಇಷ್ಟೇ, ಆದರೆ ಚಿಪ್ಪು ಕೂದಲೆಳೆಯಷ್ಟು ಹೆಚ್ಚಾದರೆ ಕೂಡದು, ಕಡಿಮೆಯಾದರೆ ಬಿರುಕು ಕಾಣುವದು. ರಟ್ಟಿನಲ್ಲಿ ಎಲೆಯ ಆಕಾರವನ್ನು ಕತ್ತರಿಸಿ ತೆಗೆದು, ಇನ್ನೊಂದು ಬಣ್ಣದ ಕಾಗದವನ್ನು ಅದರಲ್ಲಿ ಕೂಡಿಸಿರೆಂದು ಮಕ್ಕಳಿಗೆ ಹಿಂದಿನ ದಿನ ಶಾಲೆಯಲ್ಲಿ ಹೇಳಿದ್ದರೆ, ಮರುದಿನ ಆ ಗೋಡೆಯ ಮುಂದೆ ಅವರನ್ನು ಸುಮ್ಮನಿರಿಸಲು ಸೀಟಿಯ ಅವಶ್ಯವೇ ಬೀಳುತ್ತಿರಲಿಲ್ಲ. ಅದೇ ಮಹಲಿನ ಕಟ್ಟಿಗೆಯ ಕಂಬಗಳೂ ಬೋದಿಗೆಗಳೂ ನಮ್ಮ ನಾಡಿನ ಬಡಿಗರ ಹಳೆಯ ರೀತಿಯವು. ಪಾರಸಿಯ ಪದ್ಯವೂ ದೇಶೀಯ ಬಡಿಗನ ಉಳಿಯೂ ಒಂದೇ ಕೋಣೆಯಲ್ಲಿ ಜಗಳವಿಲ್ಲದೆ ಇರುವದನ್ನು ಮಕ್ಕಳು ನೋಡಲಿ, ವ್ಯಾಖ್ಯಾನವು ಬೇಕಿಲ್ಲ.

ಅಲ್ಲಿಂದ ನೇರವಾಗಿ ಬಿದರಿಯವರ ಓಣಿಗೆ ಹೋಗಬೇಕು. ಕಲ್ಲಿನಲ್ಲಿ ಚಿಪ್ಪನ್ನು ಕೂಡಿಸಿದ ಉಪಾಯವೇ ಇಲ್ಲಿ ಲೋಹದಲ್ಲಿ ಬೆಳ್ಳಿಯಾಗಿದೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಸೇರಿಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರೆದು ಪಾತ್ರೆಯನ್ನು ಮಾಡುವರು. ಅರದಿಂದ ಉಜ್ಜಿ ನುಣುಪುಮಾಡಿ, ಮೈಲುತುತ್ತದ ನೀರನ್ನು ಸವರಿ ತಾತ್ಪೂರ್ತಿಕವಾಗಿ ಕಪ್ಪುಮಾಡುವರು. ಆ ಕಪ್ಪಿನ ಮೇಲೆ ಚೂಪಾದ ಮೊನೆಯಿಂದ ಬಳ್ಳಿಯನ್ನು ಗೀಚುವರು. ನಮ್ಮ ಕಾಲದಲ್ಲಿ ಮಕ್ಕಳು ಪಾಟಿಯ ಮೇಲೆ ಅಕ್ಷರ ತಿದ್ದಿದಂತೆಯೇ ಅದು ಕಾಣುವದು. ಗೀಚಿದ ಗೆರೆಯನ್ನು ಸಣ್ಣ ಉಳಿಯಿಂದ ಕೊರೆದು, ತಗ್ಗಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡಿನ ಚೂರನ್ನೋ ಬಡಿದು ಕೂಡಿಸುವರು. ಇಷ್ಟಾದ ಮೇಲೆ ಎಲ್ಲವನ್ನೂ ಉಜ್ಜಿದರೆ ಪಾತ್ರೆಯು ಬೂದುಬಣ್ಣದ್ದಾಗಿ, ಬೆಳ್ಳಿ ಯಾವದು, ಸತು ಯಾವದು ಎಂದು ಗೊತ್ತಾಗದಷ್ಟು ಸಪ್ಪೆಯಾಗಿ ಕಾಣುವದು. ಮಗುವಿಗೆ ನಿರಾಶೆಯೇ ಆಗಬಹುದು. ಆಗ ಕುಶಲಕರ್ಮಿಯು ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ತಿಕ್ಕುವನು. ನೋಡನೋಡುತ್ತಿರುವಂತೆಯೇ ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುವದು, ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆ ಎದ್ದು ನಿಲ್ಲುವದು. ಬಿಸಿಲು-ಮಳೆಗಳ ಸೋಂಕಿಲ್ಲದೆ ಕೋಟೆಯೊಳಗೆ ಬಹುಕಾಲ ಉಳಿದ ಮಣ್ಣಿಗೇ ಈ ಗುಣವಿದೆಯೆಂದು ಕಸಬಿನವರು ಹೇಳುವರು. ಅದನ್ನು ನಾಲಿಗೆಯಿಂದ ರುಚಿ ನೋಡಿ ಆರಿಸುವವರೂ ಅವರಲ್ಲಿರುವರು. ಗಡಿಯಾರದ ಗೊಂಬೆಗಾಗಿ ತಾಸುಗಟ್ಟಲೆ ಕಾಯುವ ಮಕ್ಕಳು ಈ ಒಂದು ಕ್ಷಣವನ್ನು ಕಂಡರೆ ಎಷ್ಟು ಕುಣಿದಾರೆಂದು ನಾವು ಹೇಳಬೇಕಾಗಿಲ್ಲ.

ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೀದರದ ಕುಶಲಕರ್ಮಿ ಶಾ ರಶೀದ ಅಹಮದ ಖಾದರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಸಂತೋಷದ ಸಂಗತಿಗಳೇ ಸರಿ. ಆದರೆ ಪದಕಗಳಿಂದ ಮಾತ್ರ ಕಸಬು ಉಳಿದ ಉದಾಹರಣೆಯನ್ನು ನಾವು ಕೇಳಿಲ್ಲ. ಕೊಳ್ಳುವವರು ಬೇಕು, ಕಲಿಯುವವರು ಬೇಕು. ಮದುವೆಯಲ್ಲಿ ಕಾಣಿಕೆಗೆಂದು ಯಂತ್ರದ ಗೊಂಬೆಯನ್ನು ಕೊಳ್ಳುವಾಗ ಬಿದರಿಯ ಡಬ್ಬಿಯ ನೆನಪಾಗುವವರು ಬೇಕು. ಆ ನೆನಪನ್ನು ಮನಸ್ಸಿನಲ್ಲಿ ಬಿತ್ತುವ ವಯಸ್ಸು ಮೂರನೆಯ-ನಾಲ್ಕನೆಯ ಇಯತ್ತೆಯದು.

ಮದರಸಾದ ಮಾತನ್ನು ಬಿಡುವಂತಿಲ್ಲ. ಶಾಲೆಯ ಮಕ್ಕಳು ಶಾಲೆಯೊಂದನ್ನು ನೋಡಲು ಹೋಗುವ ಸೊಗಸು ಬೇರೆಲ್ಲಿ ಸಿಕ್ಕೀತು? ಪರ್ಷಿಯಾದ ಗೀಲಾನದಿಂದ ಬಂದು ಬಹಮನಿಯರ ಮಂತ್ರಿಯಾದ ಮಹಮೂದ ಗಾವಾನನು 1472ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ವಿದ್ಯಾಲಯವದು. ಅದರ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುವರು. ಕಟ್ಟಿಸಿದವನು ಒಂಬತ್ತೇ ವರ್ಷಗಳ ಮೇಲೆ, 1481ರಲ್ಲಿ, ವೈರಿಗಳ ಚಾಡಿಗೆ ಕಿವಿಗೊಟ್ಟ ಸುಲ್ತಾನನ ಆಜ್ಞೆಯಿಂದ ವಧೆಗೊಂಡನು. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗಿಟ್ಟ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಎದುರಿನ ಎರಡು ಮಿನಾರಗಳಲ್ಲಿ ಒಂದು ಮಾತ್ರ ಉಳಿದಿದೆ. ಉಳಿದ ಗೋಡೆಯ ಮೇಲೆ ನೀಲಿ, ಹಳದಿ, ಬಿಳಿಯ ಮೆರುಗಿನ ಬಿಲ್ಲೆಗಳು ಅಲ್ಲಲ್ಲಿ ಹೊಳೆಯುತ್ತಿವೆ. ಇದ್ದ ಮಿನಾರವನ್ನು ನೋಡಿ ಇಲ್ಲದ್ದನ್ನು ಕಾಗದದ ಮೇಲೆ ಬರೆಯಿರೆಂದು ಹೇಳಿದರೆ ಮಕ್ಕಳು ಗಂಟೆಹೊತ್ತು ತಲೆಯೆತ್ತಲಿಕ್ಕಿಲ್ಲ.

ಒಂದು ದಿನಕ್ಕೆ ಇಷ್ಟು ಸಾಕು, ಹೆಚ್ಚೇ ಆಯಿತು. ಅಷ್ಟೂರಿನ ಗುಂಬಜಗಳನ್ನು ಮತ್ತೊಂದು ವರ್ಷಕ್ಕೆ ಇಟ್ಟುಕೊಳ್ಳಬೇಕು. 1436ರಲ್ಲಿ ತೀರಿಕೊಂಡ ಅಹಮದಶಾಹ ವಲಿಯ ಗೋರಿಯ ಒಳಮೈಯೆಲ್ಲ ಚಿತ್ರಮಯವಾಗಿದೆ; ಹೊರಗಿನ ಬಿಸಿಲನ್ನು ಕನ್ನಡಿಯಿಂದ ಒಳಕ್ಕೆ ತಿರುಗಿಸಿ ಆ ಬಂಗಾರದ ಗೆರೆಗಳನ್ನು ತೋರಿಸುವ ವಾಡಿಕೆಯುಂಟು. ಮುಸಲ್ಮಾನರು ವಲಿಯೆಂದೂ ಲಿಂಗವಂತರಲ್ಲಿ ಹಲವರು ಅಲ್ಲಮಪ್ರಭುವೆಂದೂ ನಡೆದುಕೊಳ್ಳುವ ಸ್ಥಳವದು. ಹುಮನಾಬಾದ ತಾಲೂಕಿನ ಜಲಸಂಗಿಯ ದೇವಾಲಯವು ಇನ್ನೊಂದು ವರ್ಷಕ್ಕೆ. ಅದರ ಹೊರಗೋಡೆಯ ಮೇಲೆ ಕಲ್ಲಿನ ಹೆಣ್ಣೊಬ್ಬಳು ಕಲ್ಲಿನ ಫಲಕದ ಮೇಲೆ ಬರೆಯುತ್ತ ನಿಂತಿರುವಳು. ಅವಳು ಬರೆದದ್ದು ಚಾಲುಕ್ಯ ವಿಕ್ರಮಾದಿತ್ಯನ (1076–1126) ಸ್ತುತಿ. ಈಗಷ್ಟೇ ಅಕ್ಷರ ಕಲಿತ ನಮ್ಮ ಹೆಣ್ಣುಮಕ್ಕಳು ಅವಳನ್ನು ನೋಡಬೇಡವೆ?

ಇನ್ನು ಭಾಷೆಯ ವಿಷಯ. ಕಮಲನಗರದ ಸುತ್ತಲಿನ ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿಗಳನ್ನು ಆಡುವ ಮಕ್ಕಳು ಕೂಡಿ ಕುಳಿತುಕೊಳ್ಳುವರು. ಸಂಗ್ರಹಾಲಯದ ಫಲಕಗಳ ಭಾಷೆಯು ಯಾವದೇ ಇರಲಿ, ಅದು ಪಂಡಿತರದು, ‘ಕ್ರಿ. ಶ. ಇಷ್ಟನೆಯ ಶತಮಾನ, ಕರಿಶಿಲೆ’ ಎಂಬದರಿಂದ ಮಗುವಿಗೆ ಏನು ತಿಳಿಯಬೇಕು? ಆದ್ದರಿಂದ ಫಲಕದ ಕೆಲಸವನ್ನು ಗುರುಗಳ ಬಾಯಿಯೇ ಮಾಡಬೇಕು. ಈ ಮಣ್ಣಿಗೆ ಅದು ಹೊಸ ಮಾತಲ್ಲ. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಒಡೆಯರಾದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಕಥೆಯನ್ನು ಇಲ್ಲಿ ಅರಿಯದವರಿಲ್ಲ. ಕಷ್ಟದ ದಿನಗಳಲ್ಲಿ ಗುರುವಿನ ಬಾಯಿಮಾತಿನಿಂದ ಅಷ್ಟು ಕೆಲಸವಾಗಿರಲು, ಸ್ವರಾಜ್ಯದಲ್ಲಿ ಮಗುವಿಗೆ ಅದರ ನುಡಿಯಲ್ಲಿ ಒಂದು ಕಲ್ಲಿನ ಕಥೆಯನ್ನು ಹೇಳುವದು ಅಸಾಧ್ಯವೇನಲ್ಲ.

ಮಕ್ಕಳಿಗಾಗಿಯೇ ಸಂಗ್ರಹಾಲಯವನ್ನು ಕಟ್ಟುವ ವಿಚಾರವು ಅಮೇರಿಕೆಯ ಬ್ರೂಕ್ಲಿನದಲ್ಲಿ 1899ರಷ್ಟು ಹಿಂದೆಯೇ ಕೈಗೂಡಿತು. ನಮ್ಮಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಚಿತ್ರ, ಕುಣಿತ, ಆಟಗಳ ಮೂಲಕ ಕಲಿಸಲು ಹೊರಟಾಗ ಮೂಗುಮುರಿದವರೇ ಬಹಳ. ಪರೀಕ್ಷೆಗೆ ಇದರಿಂದೇನು ಪ್ರಯೋಜನವೆಂಬ ಪ್ರಶ್ನೆಯು ಇಂದಿಗೂ ಕೇಳಿಬರುವದು. ನೆಟ್ಟಗೆ ನೋಡಲು ಕಲಿತ ಮಗುವು ಲೆಕ್ಕದ ಪುಸ್ತಕವನ್ನೂ ನೆಟ್ಟಗೆ ನೋಡೀತೆಂಬದು ನಮ್ಮ ಅಭಿಪ್ರಾಯ. ಸೋಲಾ ಖಂಬದ ಮುಂದೆ ನಿಲ್ಲಿಸಿ, ಹದಿನಾರು ಕಂಬಗಳೆಂದು ಹೆಸರಿರುವ ಮಸೀದಿಯಲ್ಲಿ ಅದಕ್ಕಿಂತ ಹೆಚ್ಚು ಕಂಬಗಳೇಕೆ ಇವೆಯೆಂದು ಎಣಿಸಲು ಹಚ್ಚಿದರೆ ಅದೂ ಗಣಿತವೇ.

ವಿದ್ಯಾಖಾತೆಯವರಲ್ಲಿ ನಮ್ಮ ವಿನಂತಿಯು ದೊಡ್ಡದಲ್ಲ. ಪ್ರತಿ ತರಗತಿಯ ಗುರುಗಳೊಬ್ಬರು ಮಕ್ಕಳಿಗಿಂತ ಮೊದಲು ಒಂದು ದಿನ ಬೀದರಕ್ಕೆ ಹೋಗಿಬರಲಿ. ಆ ದಿನವನ್ನು ರಜೆಯೆಂದು ಎಣಿಸದೆ ಕೆಲಸದ ದಿನವೆಂದು ಹಾಜರಿಯಲ್ಲಿ ಬರೆಯಲಿ. ನೋಡಬೇಕಾದ ಐದೇ ವಸ್ತುಗಳನ್ನು ಅವರು ಆರಿಸಿಕೊಳ್ಳಲಿ. ಮಕ್ಕಳ ಕೈಯಲ್ಲಿ ಒಂದು ಕಾಗದ, ಒಂದು ಸೀಸದ ಕಡ್ಡಿ ಇರಲಿ. ರೇಲ್ವೆಯ ಇಲ್ಲವೆ ಬಸ್ಸಿನ ಖರ್ಚನ್ನು ಶಾಲಾಭಿವೃದ್ಧಿ ಸಮಿತಿಯವರೂ ಊರಿನ ವರ್ತಕರೂ ಕೂಡಿ ವಹಿಸಿದರೆ ತರಗತಿಯ ಒಂದು ಮಗುವೂ ಹಿಂದುಳಿಯಲಾರದು. ನಮ್ಮ ಜಾತ್ರೆಗಳಲ್ಲಿ ಒಂದು ರಾತ್ರಿ ಸುಡುವ ಮದ್ದಿನ ಬೆಲೆಗೆ ಎಷ್ಟು ತರಗತಿಗಳು ಹೋಗಿಬಂದಾವೆಂಬದನ್ನು ಅವರೇ ಲೆಕ್ಕಹಾಕಲಿ. ಬಿದರಿಯ ಕಾರ್ಯಾಗಾರಗಳು ಇಕ್ಕಟ್ಟಾದವು. ಹತ್ತು-ಹನ್ನೆರಡು ಮಕ್ಕಳಿಗಿಂತ ಹೆಚ್ಚಿನವರನ್ನು ಒಮ್ಮೆಲೇ ಒಳಗೆ ನುಗ್ಗಿಸುವದು ಆಮ್ಲವೂ ಬೆಂಕಿಯೂ ಇರುವಲ್ಲಿ ಅಪಾಯದ ಕೆಲಸ. ಕೆಲಸ ಕೆಡಿಸಿಕೊಂಡು ತೋರಿಸುವ ಕುಶಲಕರ್ಮಿಗೆ ಬರಿಗೈಯಿಂದ ನಮಸ್ಕಾರ ಹೇಳಿ ಬರುವದೂ ಯೋಗ್ಯವಲ್ಲ. ಶಾಲೆಗೆಂದು ಒಂದು ಸಣ್ಣ ವಸ್ತುವನ್ನು ಕೊಂಡು ತಂದರೆ ಅದು ವರ್ಷವಿಡೀ ತರಗತಿಯ ಕಪಾಟಿನಲ್ಲಿದ್ದು, ಮುಟ್ಟಬೇಡಿರಿ ಎಂಬ ಆಜ್ಞೆಯಿಲ್ಲದೆ ಕೈಯಿಂದ ಕೈಗೆ ಹೋಗುವದು.

ಕೊನೆಗೆ ಎರಡು ಸಣ್ಣ ಸೂಚನೆಗಳು. ಪುರಾತತ್ತ್ವ ಖಾತೆಯ ಸಂಗ್ರಹಾಲಯಗಳು ಶುಕ್ರವಾರ ಮುಚ್ಚಿರುವದರಿಂದ ಆ ವಾರವನ್ನು ಬಿಟ್ಟು ದಿನವನ್ನು ಗೊತ್ತುಮಾಡಬೇಕು. ರಂಗೀನ ಮಹಲಿಗೆ ಬಹುತರವಾಗಿ ಬೀಗ ಹಾಕಿರುತ್ತದೆ. ಕೇಳಿದವರಿಗೆ ಮಾತ್ರ ತೆಗೆದು ತೋರಿಸುವರು. ಇಂಥ ದಿನ, ಇಷ್ಟು ಮಕ್ಕಳು ಬರುವರೆಂದು ಕೋಟೆಯ ಕಚೇರಿಗೆ ವಾರ ಮೊದಲೇ ಕಾಗದ ಬರೆದು, ಬೀಗ ತೆಗೆಯಿಸುವ ಏರ್ಪಾಟನ್ನು ಮುಖ್ಯಾಧ್ಯಾಪಕರು ಮಾಡಿಕೊಂಡು ಹೊರಡತಕ್ಕದ್ದು.